ಭಾಷೆ, ಕುಲನಾಮ, ಸಮಾಧಿ: ಉತ್ತರ ವೆಯ್ ಚಕ್ರವರ್ತಿ ಶಿಯಾವೊವೆನ್‌ನ ಸುಧಾರಣೆಗಳು

ಉತ್ತರ ಚೀನಾವನ್ನಾಳಿದ ಉತ್ತರ ವೆಯ್ ವಂಶದ (386–534) ಅರಸರು ಹುಲ್ಲುಗಾವಲಿನಿಂದ ಬಂದ ಶಿಯೆನ್‌ಬೆಯ್ ಜನಾಂಗದ ತುವೊಬಾ ಕುಲದವರಾಗಿದ್ದು, ಅವರ ಪ್ರಜೆಗಳಲ್ಲಿ ಬಹುಪಾಲು ಹಾನ್ ಬೇಸಾಯಗಾರರಾಗಿದ್ದರು. ಈ ಇಬ್ಬರನ್ನು ಬೆಸೆಯಲು ಶಿಯಾವೊವೆನ್ (ಆಳ್ವಿಕೆ 471–499) ಕೈಗೊಂಡ ಕ್ರಮಗಳನ್ನು 'ಚೀನೀಕರಣ' ಎಂದು ಕರೆಯುವುದು ರೂಢಿ. ಆದರೆ ಅವುಗಳಿಂದ ಗಟ್ಟಿಯಾಗಿ ಬೆಸೆದುಕೊಂಡವು ಎರಡೂ ಕಡೆಯ ಮೇಲ್ವರ್ಗಗಳು ಮಾತ್ರ ಎಂಬುದನ್ನು ಆ ರೂಢಿಯ ಹೆಸರು ಮರೆಸುತ್ತದೆ.

ಅಧಿಕಾರಿಗಳಿಗೆ ಸಂಬಳ (484), ದುಡಿಯುವವರ ಸಂಖ್ಯೆಗೆ ತಕ್ಕಂತೆ ಸರ್ಕಾರವೇ ಜಮೀನು ಕೊಡುವ 'ಸಮಭೂಮಿ' ಪದ್ಧತಿ (485) ಮೊದಲಾದ ಆರಂಭದ ಕ್ರಮಗಳ ಹಿಂದೆ ಆಡಳಿತ ಸೂತ್ರ ಹಿಡಿದಿದ್ದ ರಾಜಮಾತೆ ಫೆಂಗ್ ಇದ್ದಳು. ಆಕೆ 490ರಲ್ಲಿ ತೀರಿಕೊಂಡ ಮೇಲೆ ಚಕ್ರವರ್ತಿ, ದಕ್ಷಿಣದ ಮೇಲೆ ದಂಡಯಾತ್ರೆ ಹೊರಡುವ ನೆಪದಲ್ಲಿ 493ರಲ್ಲಿ ಸೈನ್ಯವನ್ನು ಉತ್ತರದಲ್ಲಿದ್ದ ಅಂದಿನ ರಾಜಧಾನಿ ಪಿಂಗ್‌ಚೆಂಗ್‌ನಿಂದ ಲುವೊಯಾಂಗ್‌ಗೆ ಕರೆತಂದು, ಆ ಹಳೆಯ ಹಾನ್ ನಗರವನ್ನೇ ರಾಜಧಾನಿಯಾಗಿಸಿದ. ಶಿಯೆನ್‌ಬೆಯ್ ಉಡುಪು ನಿಷಿದ್ಧವಾಯಿತು. 495ರಲ್ಲಿ, ಮೂವತ್ತು ದಾಟಿದವರಿಗೆ ರಿಯಾಯಿತಿ ಕೊಟ್ಟು, ಅದಕ್ಕಿಂತ ಕಿರಿಯರು ಆಸ್ಥಾನದಲ್ಲಿ ಶಿಯೆನ್‌ಬೆಯ್ ಮಾತಾಡಿದರೆ ಪದವಿ ಇಳಿಸುವುದಾಗಿ ಆಜ್ಞೆ ಹೊರಟಿತು.

ಅದೇ ವರ್ಷದ ಇನ್ನೊಂದು ಆಜ್ಞೆ ಇದಕ್ಕಿಂತ ಆಳಕ್ಕೆ ತಾಗಿತು. ಲುವೊಯಾಂಗ್‌ಗೆ ವಲಸೆ ಬಂದವರು ಸತ್ತರೆ ಶವವನ್ನು ಉತ್ತರಕ್ಕೆ ಒಯ್ಯದೆ ಅಲ್ಲಿಯೇ ಹೂಳಬೇಕೆಂದೂ, ಇನ್ನು ಮುಂದೆ ಅವರು ಲುವೊಯಾಂಗ್‌ನವರೇ ಎಂದೂ ಅದು ವಿಧಿಸಿತು. ನಾಲಿಗೆಯ ಅಭ್ಯಾಸ ಮನೆಯೊಳಗೆ ಉಳಿದೀತು, ಆದರೆ ಹಿರಿಯರ ಮಣ್ಣು ಬೇರೆಯಾದರೆ ಮಕ್ಕಳಿಗೆ ಹಿಂದಿರುಗಲು ಊರೇ ಇರುವುದಿಲ್ಲ. ನಗರದ ಉತ್ತರಕ್ಕಿರುವ ಮಾಂಗ್ ಬೆಟ್ಟದಲ್ಲಿ ದೊರೆತ ರಾಜವಂಶೀಯರ ಸಮಾಧಿಶಾಸನಗಳು ಅವರನ್ನು ಲುವೊಯಾಂಗ್‌ನವರೆಂದೇ ಗುರುತಿಸುತ್ತವೆ.

496ರಲ್ಲಿ ತುವೊಬಾ ಕುಲ 'ಮೂಲ' ಎಂಬ ಅರ್ಥದ ಯುವಾನ್ ಆಯಿತು. ಚಿಯುಮುಲಿಂಗ್ ಮನೆತನ ಮು ಆಯಿತು. ಶಿಯೆನ್‌ಬೆಯ್‌ನ ಎಂಟು ಮನೆತನಗಳನ್ನು ಹಾನ್ ಶ್ರೇಷ್ಠ ಕುಲಗಳಿಗೆ ಸಮನಾಗಿ ನಿಲ್ಲಿಸಲಾಯಿತು. ಚಕ್ರವರ್ತಿ ತನ್ನ ಆರು ತಮ್ಮಂದಿರಿಗೆ ಹೊಸ ಮದುವೆಗಳನ್ನು ಗೊತ್ತುಮಾಡಿದ. ಅವುಗಳಲ್ಲಿ ಹೆಚ್ಚಿನವು ಹಾನ್ ಕುಲಗಳ ಸಂಬಂಧಗಳು. ಅವರ ಮೊದಲ ಹೆಂಡಂದಿರು ಉಪಪತ್ನಿಯರ ಸ್ಥಾನಕ್ಕಿಳಿಯಬೇಕಾಯಿತು. ಏಕೀಕರಣದ ಬೆಲೆ ತೆತ್ತವರಲ್ಲಿ ಈ ಹೆಂಗಸರನ್ನೂ ಎಣಿಸಲೇಬೇಕು.

ಹಿಂದಕ್ಕೆ, ಪಿಂಗ್‌ಚೆಂಗ್‌ಗೆ, ಓಡಲೆತ್ನಿಸಿದ ಯುವರಾಜ ಯುವಾನ್ ಶುನ್ ಪದಚ್ಯುತನಾಗಿ 497ರಲ್ಲಿ ಪ್ರಾಣ ತೆತ್ತ. ಉತ್ತರದ ಗಡಿ ಕಾಯುತ್ತಿದ್ದ ಆರು ಸೈನಿಕ ಠಾಣ್ಯಗಳ ಯೋಧರು ಕುಲಗಳ ಈ ಹೊಸ ಶ್ರೇಣಿಯಿಂದ ಹೊರಗುಳಿದು, ಒಂದು ಕಾಲದ ಮಾನವಂತರು ಕಡೆಗಣಿತರಾದರು; 520ರ ದಶಕದಲ್ಲಿ ಅವರು ಎದ್ದ ದಂಗೆ 534ರಲ್ಲಿ ರಾಜ್ಯ ಇಬ್ಭಾಗವಾಗುವವರೆಗೆ ಬೆಳೆಯಿತು. ಪಶ್ಚಿಮ ಭಾಗದ ಆಳರಸರು 554ರಲ್ಲಿ ಶಿಯೆನ್‌ಬೆಯ್ ಕುಲನಾಮಗಳನ್ನು ಮರಳಿ ತಂದರಲ್ಲದೆ ಹಾನ್ ದಂಡನಾಯಕರಿಗೂ ಅವನ್ನು ಕೊಟ್ಟರು. ಹೀಗೆ ಪುಲಿಯುರು ಎಂಬ ಹೆಸರು ಪಡೆದ ಯಾಂಗ್ ಜೊಂಗ್‌ನ ಮಗನೇ, ಮುಂದೆ ಚೀನಾವನ್ನು ಮತ್ತೆ ಒಗ್ಗೂಡಿಸಿದ ಸುಯಿ ವಂಶದ ಮೊದಲ ಚಕ್ರವರ್ತಿ.