ಧಾಟಿ

ಸೂಡಿ, ರೋಣ, ಗಜೇಂದ್ರಗಡ ಸೀಮೆಯ ಭಜನೆ ಮೇಳದಲ್ಲಿ ಹೊಸ ಪದ ಬಂತೆಂದರೆ ಮೊದಲು ಕೇಳುವುದು ಅರ್ಥವನ್ನಲ್ಲ, ‘ಯಾವ ಧಾಟಿ?’ ಎಂದು. ಧಾಟಿ ಸಿಕ್ಕರೆ ತಾಳ, ದಮ್ಮಡಿ ತಾವಾಗಿ ಕೂಡಿಕೊಳ್ಳುತ್ತವೆ.

ಸಂಸ್ಕೃತದಲ್ಲಿ ‘ಧಾಟೀ’ ಎಂದರೆ ಮುತ್ತಿಗೆ. ನಮ್ಮ ‘ದಾಳಿ’ ಅದರದೇ ತದ್ಭವ. ಮರಾಠಿಯಲ್ಲಿ ‘ಧಾಟಿ’ ರೀತಿ, ಶೈಲಿ. ಮರಾಠಿ ನಾಟಕಗಳ ಪ್ರಭಾವ ಗಾಢವಾಗಿದ್ದ ಉತ್ತರ ಕರ್ನಾಟಕದಲ್ಲಿ ಈ ಅರ್ಥವೇ ಬೇರೂರಿದ್ದು ಸಹಜ. ಹಳೆಯ ಕಂಪನಿ ನಾಟಕದ ಪುಸ್ತಕ ತೆರೆಯಿರಿ: ಹಾಡಿನ ನೆತ್ತಿಯ ಮೇಲೆ ಜನಕ್ಕೆ ಗೊತ್ತಿರುವ ಇನ್ನೊಂದು ಹಾಡಿನ ಹೆಸರು, ಪಕ್ಕದಲ್ಲಿ ‘ಧಾಟಿ’ ಅಥವಾ ‘ಮಟ್ಟು’. ಸ್ವರಲಿಪಿಯ ಗೊಡವೆಯೇ ಇಲ್ಲ.

ಮಾತಿಗೂ ಧಾಟಿಯುಂಟು. ‘ಅವನು ಅಂದ ಧಾಟಿ ಸರಿಯಿರಲಿಲ್ಲ’ ಎನ್ನುತ್ತೇವೆ. ಹಾಡಿನ ಧಾಟಿ ಮಾತಿನದನ್ನು ತುಳಿದರೆ ಕೆಲಸ ಕೆಟ್ಟಿತು: ‘ಬಳೆ’ಯ ಮೊದಲಕ್ಷರ ಎಳೆದರೆ ಕೇಳುವವರಿಗೆ ‘ಬಾಳೆ’. ಸಿನಿಮಾ ಧಾಟಿಗೆ ತುರುಕಿದ ಎಷ್ಟೋ ಭಕ್ತಿಗೀತೆಗಳ ಪಾಡು ಇದೇ.

ನಮ್ಮಲ್ಲಿ ಹ್ರಸ್ವ ದೀರ್ಘದ ತೊಡಕಾದರೆ ನೈಜೀರಿಯಾದ ಯೊರುಬಾ ಭಾಷೆಯಲ್ಲಿ ಏರಿಳಿತದ್ದು. ‘ಒಕೊ’ ಎಂಬುದನ್ನು ಯಾವ ಸ್ಥಾಯಿಯಲ್ಲಿ ಅಂದಿರಿ ಎಂಬುದರ ಮೇಲೆ ಅದು ಗಂಡ, ಗುದ್ದಲಿ ಅಥವಾ ವಾಹನ. ಇಂಗ್ಲಿಷ್ ಚರ್ಚಿನ ಧಾಟಿಗೆ ಯೊರುಬಾ ಪದ ಕೂರಿಸಿದಾಗ ಅರ್ಥವೇ ಎಡವಿತು. ಆದರೆ ಅಲ್ಲಿನ ಗಾಯಕ ಕಿಂಗ್ ಸನ್ನಿ ಅಡೆ ಹೆಸರಾದ ‘ಜುಜು’ ಸಂಗೀತದಲ್ಲಿ ‘ಮಾತಾಡುವ ಡೋಲು’ ಹಗ್ಗ ಬಿಗಿದು ಸಡಿಲಿಸಿ ಮಾತಿನ ಏರಿಳಿತವನ್ನೇ ನುಡಿಸುತ್ತದೆ.

ನಿಮ್ಮೂರಿನ ಹಾಡುಗಾರರ ಪದ ಬರೆದಿಡುವಾಗ ಧಾಟಿಯ ಹೆಸರನ್ನೂ ಮೇಲೆ ಬರೆಯಿರಿ.