ಅಪ್ಪನ ಹೆಸರಿನ ಜಾಗದಲ್ಲಿ

ಗುಲಾಮಗಿರಿಗೂ ಅಸ್ಪೃಶ್ಯತೆಗೂ ಇರುವ ವ್ಯತ್ಯಾಸ ಹೇಳಲು ಅಂಬೇಡ್ಕರ್ ರೋಮಿನ ಚರಿತ್ರೆಗೆ ಹೋದರು. ಗುಲಾಮನಿಗೆ ಬಿಡುಗಡೆಯ ಬಾಗಿಲಾದರೂ ಇತ್ತು, ಅಸ್ಪೃಶ್ಯನಿಗೆ ಅದೂ ಇಲ್ಲ ಎಂಬುದು ಅವರ ವಾದ. ಆ ಬಾಗಿಲು ದಾಟಿ ಬಂದವರ ಹೆಸರುಗಳು ಏನಾದವು ಅನ್ನೋದು ನನ್ನ ಪ್ರಶ್ನೆ.

ರೋಮಿನ ಪೌರನಿಗೆ ಸಾಮಾನ್ಯವಾಗಿ ಮೂರು ಹೆಸರು. ಮಾರ್ಕಸ್ ಅವನದು, ಟುಲ್ಲಿಯಸ್ ಕುಲದ್ದು, ಸಿಸೆರೊ ಮನೆತನದ್ದು. ಕಲ್ಲಿನಲ್ಲಿ ಕೆತ್ತಿಸುವಾಗ ನಡುವೆ 'ಮಾರ್ಕಸನ ಮಗ' ಅಂತ ಸೇರುತ್ತಿತ್ತು. ದೊಡ್ಡವರ ಹೆಸರು ಆಸ್ತಿಯ ಹಾಗೆ ಬೆಳೆಯುತ್ತಿತ್ತು. ಗೇಯಸ್ ಆಕ್ಟೇವಿಯಸ್ ಆಗಿ ಹುಟ್ಟಿದವನು ದತ್ತು ಹೋಗಿ ಸೀಸರ್ ಆದ, ಕ್ರಿ.ಪೂ. 27ರಲ್ಲಿ ಆಗಸ್ಟಸ್ ಆದ.

ಗುಲಾಮನಿಗೆ ಒಂದೇ ಹೆಸರು. ಅದನ್ನೂ ಕೊಂಡವನೇ ಇಡಬಹುದಿತ್ತು. ಎಫೆಸಸ್‌ನಲ್ಲಿ ಗುಲಾಮನನ್ನು ಕೊಂಡ ಒಬ್ಬ ಮಾರಿದವನ ಹೆಸರಿಡುತ್ತಾನೆ, ಇನ್ನೊಬ್ಬ ಸೀಮೆಯದು, ಮತ್ತೊಬ್ಬ ಊರಿನದು ಎಂದು ವಾರ್ರೊ ಎಂಬ ಪಂಡಿತ ಬರೆದಿದ್ದಾನೆ. ಬರೆದದ್ದು ಮರುಕದಿಂದಲ್ಲ, ವ್ಯಾಕರಣಕ್ಕೆ ಉದಾಹರಣೆಯಾಗಿ! ಅದಕ್ಕೂ ಹಿಂದೆ 'ಮಾರ್ಸಿಪೊರ್' ಅಂತಿದ್ದರು. ಅಂದರೆ ಮಾರ್ಕಸನ ಹುಡುಗ. ತಲೆ ನರೆತರೂ ಹುಡುಗನೇ. ನಮಗಿದು ಹೊಸದಲ್ಲ. ನಮ್ಮಪ್ಪನಿಗೆ ಅರವತ್ತಾಗಿದ್ದಾಗಲೂ ಯಜಮಾನರ ಮನೆಯ ಮೊಮ್ಮಕ್ಕಳು 'ಏನ್ಲಾ ಹೈದ' ಅಂತಲೇ ಕರೀತಿದ್ರು.

ಸಿಸೆರೊನ ಬರವಣಿಗೆ ನೋಡಿಕೊಳ್ಳುತ್ತಿದ್ದ ಗುಲಾಮ ಟಿರೊಗೆ ಕ್ರಿ.ಪೂ. 53ರಲ್ಲಿ ಬಿಡುಗಡೆಯಾಯಿತು. ಆಗ ಅವನು ಮಾರ್ಕಸ್ ಟುಲ್ಲಿಯಸ್ ಟಿರೊ. ಒಡೆಯನ ಎರಡು ಹೆಸರು ಮುಂದೆ, ತನ್ನದು ಕೊನೆಗೆ. ಇಂಥವರ ಕಲ್ಲುಗಳಲ್ಲಿ ಅಪ್ಪನ ಹೆಸರಿನ ಜಾಗದಲ್ಲಿ 'ಮಾರ್ಕಸನಿಂದ ಬಿಡುಗಡೆಯಾದವನು' ಅಂತಿರುತ್ತದೆ. ಯಾಕೆಂದರೆ ಗುಲಾಮನಾಗಿ ಹುಟ್ಟಿದವನಿಗೆ ಕಾನೂನಿನಲ್ಲಿ ಅಪ್ಪನೇ ಇಲ್ಲ. 'ಮಗ' ಅನ್ನೋದಕ್ಕೆ ಒಂದಕ್ಷರ, 'ಬಿಡುಗಡೆಯಾದವನು' ಅನ್ನೋದಕ್ಕೆ ಇನ್ನೊಂದಕ್ಷರ. ಒಂದೇ ಅಕ್ಷರದಲ್ಲಿ ಹುಟ್ಟು ಬಯಲಾಗುತ್ತಿತ್ತು. ಬಾಗಿಲು ದಾಟಿದವನ ಬೆನ್ನ ಮೇಲೆ ಬಾಗಿಲಿನ ಗುರುತು!

ಆದರೆ ರೋಮಿನ ಪೋರ್ತಾ ಮಜ್ಜೋರೆ ಬಳಿ ಇಂದಿಗೂ ಒಂದು ದೊಡ್ಡ ಗೋರಿ ನಿಂತಿದೆ. ಕ್ರಿ.ಪೂ. ಒಂದನೇ ಶತಮಾನದ್ದು, ಮಾರ್ಕಸ್ ವರ್ಜಿಲಿಯಸ್ ಯೂರಿಸಾಸೀಸ್ ಎಂಬವನದು. ಕೊನೆಯ ಹೆಸರು ಗ್ರೀಕ್, ಅಪ್ಪನ ಹೆಸರಿಲ್ಲ. ಆದ್ದರಿಂದ ಬಿಡುಗಡೆಯಾದ ಗುಲಾಮನೇ ಇರಬೇಕೆಂದು ಅನೇಕ ವಿದ್ವಾಂಸರ ಊಹೆ. ವಿಶೇಷವೆಂದರೆ ಒಡೆಯನ ಹೆಸರೂ ಇಲ್ಲ. ರೊಟ್ಟಿ ಸುಡುವವನು, ಗುತ್ತಿಗೆದಾರ ಎಂದಿದೆ. ಕುಲದ ಜಾಗಕ್ಕೆ ಕಸುಬನ್ನು ತಂದು ಕೂರಿಸಿದ್ದಾನೆ. ಮೇಲೆ ಸುತ್ತಲೂ ಬೀಸುವವರು, ನಾದುವವರು, ಒಲೆಗೆ ಹಾಕುವವರು, ತೂಗುವವರು.

ಈ ಕಲ್ಲಿನ ಬಗ್ಗೆ ಓದಿದಾಗ ಮೊದಲು ಹೆಮ್ಮೆಯಾಯಿತು. ಆಮೇಲೆ ಒಂದು ಮಾತು ಕುಟುಕಿತು: ಅಲ್ಲಿ ದುಡಿಯುತ್ತಿರುವ ಅಷ್ಟು ಜನರಲ್ಲಿ ಒಬ್ಬರ ಹೆಸರೂ ಇಲ್ಲ. ಅವರಲ್ಲಿ ಬಹಳ ಮಂದಿ ಗುಲಾಮರೇ ಇದ್ದಿರಬೇಕು. ಬಿಡುಗಡೆಯಾದವನೂ ಅವರನ್ನು ಹೆಸರಿಲ್ಲದೆಯೇ ಬಿಟ್ಟ. ಗೆಳೆಯರೆ, ನಮ್ಮ ವಿಮರ್ಶೆ ಒಡೆಯರ ಕಲ್ಲನ್ನು ಓದಿದರೆ ಸಾಲದು. ನಾವು ಕೆತ್ತಿಸುವ ಕಲ್ಲಿನಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಅಂತಲೂ ಕೇಳಬೇಕು.