ಅರಸರ ನೀರಾಟ, ನಮ್ಮ ನೀರಾಟ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಯುದ್ಧದಲ್ಲಿ ಎಷ್ಟು ದೊಡ್ಡವನೋ, ಆ ಮಾತು ಬೇರೆ. ಸುಖಪಡುವ ಶಾಸ್ತ್ರದಲ್ಲಿ ಮಾತ್ರ ಅವನಿಗೆ ಸಾಟಿಯಾದವರು ವಿರಳ. 1129ರ ಸುಮಾರಿಗೆ ಅವನ ಹೆಸರಿನಲ್ಲಿ ಸಿದ್ಧವಾದ ಸಂಸ್ಕೃತದ ‘ಮಾನಸೋಲ್ಲಾಸ’ ನೂರು ಅಧ್ಯಾಯಗಳ ಗ್ರಂಥ. ರಾಜ್ಯವನ್ನು ಗಳಿಸುವುದು, ಗಳಿಸಿದ್ದನ್ನು ಉಳಿಸಿಕೊಳ್ಳುವುದು ಮೊದಲೆರಡು ಭಾಗಗಳಲ್ಲೇ ಮುಗಿದುಹೋಗುತ್ತದೆ. ಉಳಿದ ಮೂರು ಭಾಗಗಳೂ ಭೋಗ, ವಿನೋದ, ಕ್ರೀಡೆಗಳಿಗೆ ಮೀಸಲು. ಕೊನೆಯ ಭಾಗದ ಇಪ್ಪತ್ತು ಕ್ರೀಡೆಗಳಲ್ಲಿ ಬೆಟ್ಟದ ವಿಹಾರವುಂಟು, ಉಯ್ಯಾಲೆಯುಂಟು, ಮರಳಿನಾಟವುಂಟು, ಬೆಳದಿಂಗಳಿನ ಆಟವುಂಟು. ನೀರಿನ ಮಾತಿಗೆ ಬಂದರೆ ದೊರೆಗೆ ಒಂದು ಅಧ್ಯಾಯ ಸಾಲಲಿಲ್ಲ. ನೀರೆರಚಾಟ ಬೇರೆ, ನೀರಿಗಿಳಿದು ಆಡುವ ಆಟ ಬೇರೆ ಎಂದು ಎರಡು ಮಾಡಿದ.

ನಮ್ಮ ಕವಿಗಳೂ ಹಿಂದೆ ಬಿದ್ದವರಲ್ಲ. ಚಂಪೂಕಾವ್ಯವೆಂದರೆ ಅಷ್ಟಾದಶ ವರ್ಣನೆಗಳು ಇರಲೇಬೇಕು. ಅವುಗಳಲ್ಲಿ ಜಲಕೇಳಿಯೂ ಒಂದು. ಕಥೆ ಎತ್ತ ಸಾಗುತ್ತಿದ್ದರೂ ಸರಿ, ನಾಯಕನೂ ಅವನ ಪರಿವಾರವೂ ಒಮ್ಮೆ ಕೊಳಕ್ಕಿಳಿದು ಏಳದೆ ಕಾವ್ಯ ಮುಂದೆ ನಡೆಯುವಂತಿಲ್ಲ. ಕಾಲೇಜಿನಲ್ಲಿ ಈ ಭಾಗಗಳನ್ನು ಓದುವಾಗ ನಮಗೆಲ್ಲ ಆಕಳಿಕೆ ಬರುತ್ತಿದ್ದದ್ದು ನಿಜ. ಆ ಕೊಳದ ದಡದಲ್ಲಿ ಯಾರಿದ್ದರು, ಯಾರಿರಲಿಲ್ಲ ಎಂದು ಕೇಳಬೇಕೆಂದು ಆಗ ನಮ್ಮಲ್ಲಿ ಯಾರಿಗೂ ತೋಚಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳಿಬ್ಬರು, ನಾನು, ನನ್ನಾಕೆ, ಹೀಗೆ ಆರು ಮಂದಿ ನಮ್ಮ ಊರಿಗೆ ಹತ್ತಿರದ ಒಂದು ವಾಟರ್ ಪಾರ್ಕಿಗೆ ಹೋಗಿದ್ದೆವು. ದೊಡ್ಡದೇನೂ ಅಲ್ಲ: ಒಂದು ಅಲೆಯ ಕೊಳ, ಮೂರು ಜಾರುಬಂಡೆ, ಮೇಲಿನಿಂದ ಮಳೆ ಸುರಿಸಿ ಹಾಡು ಹಾಕುವ ಒಂದು ಅಂಗಳ. ಕೊಳ ಬೇರೆ, ಮಳೆಯಂಗಳ ಬೇರೆ ಇರುವುದನ್ನು ನೋಡಿ ನನಗೆ ಸೋಮೇಶ್ವರನ ನೆನಪಾಯಿತು. ಅವನ ವಿಂಗಡಣೆ ಇನ್ನೂ ಊರ್ಜಿತದಲ್ಲಿದೆ! ಇಂಥ ಉದ್ಯಾನದ ಕಲ್ಪನೆ ಅಮೆರಿಕದ್ದು. ಅಲ್ಲಿಯ ಆರ್ಲಾಂಡೊ ನಗರದಲ್ಲಿ ಜಾರ್ಜ್ ಮಿಲೇ 1977ರಲ್ಲಿ ತೆರೆದದ್ದನ್ನು ಮೊದಲನೆಯದೆಂದು ಎಣಿಸುವುದುಂಟು. ಯಂತ್ರದ ಗುಟ್ಟು ಸರಳ. ಜಾರುವ ಕೊಳವೆಯಲ್ಲಿ ನೀರಿನ ತೆಳುಪದರ ಹರಿಯುತ್ತಿರುವುದರಿಂದ ಮೈ ಉಜ್ಜದೆ ಜಾರುತ್ತದೆ. ಕೆಳಗೆ ಬಂದ ನೀರನ್ನೇ ಸೋಸಿ, ಕ್ಲೋರಿನ್ ಬೆರೆಸಿ, ಪಂಪು ಮತ್ತೆ ಮೇಲೇರಿಸುತ್ತದೆ. ಅಲೆಯ ಕೊಳದಲ್ಲಿ ಆಳದ ತುದಿಯ ಗೋಡೆಯ ಹಿಂದೆ ಕೋಣೆಗಳಿರುತ್ತವೆ. ಅವುಗಳೊಳಗೆ ಗಾಳಿಯನ್ನು ಬಿಟ್ಟು ಬಿಟ್ಟು ಒತ್ತಿದರೆ ನೀರು ಅಲೆಯಾಗಿ ಹೊರಕ್ಕೆ ನುಗ್ಗುತ್ತದೆ.

ನನ್ನಾಕೆ ಒಂದು ಗಂಟೆ ಕೊಡೆಯ ಕೆಳಗೆ ಎಲ್ಲರ ಚಪ್ಪಲಿ ಕಾಯುತ್ತ ಕುಳಿತಿದ್ದಳು. ಮೊಮ್ಮಗಳು ಬಂದು, “ಅಜ್ಜೀ, ಬಾ” ಎಂದು ಸೆರಗು ಹಿಡಿದೆಳೆದಳು. ಸೀರೆಯಲ್ಲಿ ಇಳಿಯಲು ಅಪ್ಪಣೆಯಿಲ್ಲ. ಸೊಸೆ ಬಾಡಿಗೆಗೆ ಕೊಡುವ ನೈಲಾನ್ ಉಡುಪನ್ನು ತಂದುಕೊಟ್ಟಳು. ಅದನ್ನು ತೊಟ್ಟು, ನನ್ನ ಮುಖ ನೋಡದೆ ನನ್ನ ಮುಂದೆಯೇ ಹಾದುಹೋಗಿ, ಕುತ್ತಿಗೆಯ ಮಟ್ಟ ನೀರಿನಲ್ಲಿ ಕುಳಿತುಬಿಟ್ಟಳು. ಊಟದ ಹೊತ್ತಾದರೂ ಏಳಲಿಲ್ಲ. ಕರೆಯಲು ಹೋದಾಗ, “ರೀ, ಹುಟ್ಟಿದಾಗಿನಿಂದ ನೀರು ಹೊತ್ತಿದೀನಿ. ನೀರು ನನ್ನನ್ನ ಹೊತ್ತಿದ್ದು ಇವತ್ತೇ ನೋಡಿ” ಎಂದಳು.

ಅವಳ ತವರೂರಿನಲ್ಲಿ ಕೆರೆಯಿತ್ತು. ಈಜುತ್ತಿದ್ದವರು ಗಂಡುಹುಡುಗರು. ಹೆಂಗಸರಿಗೆ ಕೆರೆಯೆಂದರೆ ಕೊಡ, ಬಟ್ಟೆ ಒಗೆಯುವ ಕಲ್ಲು. ಊರಾಚೆಯ ಕೇರಿಯ ಹೆಂಗಸರಿಗೆ ಆ ಮೆಟ್ಟಿಲೂ ಇರಲಿಲ್ಲ. ಕೋಡಿಯ ಕೆಳಗಿನ ಒಂದು ಗುಂಡಿಯೇ ಅವರ ಪಾಲು. ಅವಳು ಹೇಳುವುದು ಹಳೆಗನ್ನಡದ ಕಾಲದ ಕಥೆಯಲ್ಲ, 1960ರ ದಶಕದ ಮಾತು.

ಹಂಪೆಗೆ ಹೋದವರೆಲ್ಲ ‘ರಾಣಿಯ ಸ್ನಾನಗೃಹ’ವನ್ನು ನೋಡಿಯೇ ಇರುತ್ತೀರಿ. ಹೆಸರು ಈಚಿನದು, ಅಲ್ಲಿ ಮಿಂದವರು ರಾಣಿಯರೇ ಎಂಬುದಕ್ಕೆ ಆಧಾರವಿಲ್ಲ. ಹೊರಗಿನಿಂದ ಅದು ಬೋಳು ಗೋಡೆಯ ಚೌಕಾಕಾರದ ಕಟ್ಟಡ, ಸುತ್ತ ಕಂದಕ. ಒಳಗೆ ಕಾಲಿಟ್ಟರೆ ಬೇರೆಯೇ ಲೋಕ: ಕಮಾನುಗಳ ಮೊಗಸಾಲೆ, ಕೊಳದ ಮೇಲೆ ಚಾಚಿಕೊಂಡ ಗಾರೆಗೆಲಸದ ಉಪ್ಪರಿಗೆಗಳು, ನಡುವೆ ಬಯಲು ಆಕಾಶದ ಕೆಳಗೆ ಸುಮಾರು 15 ಮೀಟರ್ ಚೌಕದ ಕೊಳ. ಅಂದವೆಲ್ಲ ಒಳಮುಖ, ಗೋಡೆಯೆಲ್ಲ ಹೊರಮುಖ. ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಓಕುಳಿಯ ಸಂಭ್ರಮವನ್ನೂ ಕಾಣಬಹುದು. ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲುಗೊಳಕ್ಕೆ ನೀರು ಕಲ್ಲಿನ ದೋಣಿಗಳಲ್ಲಿ, ಕಂಬಗಳ ಮೇಲೆ ಹರಿದು ಬರುತ್ತಿತ್ತು.

ಆ ನೀರನ್ನು ಹಿಡಿದು ನಿಲ್ಲಿಸಿದವರು ಯಾರು? ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ರಾಯ ಕಟ್ಟಿಸುತ್ತಿದ್ದ ಒಂದು ಕೆರೆಯ ಕೆಲಸವನ್ನು ಕಣ್ಣಾರೆ ಕಂಡ. ಹದಿನೈದು ಇಪ್ಪತ್ತು ಸಾವಿರ ಜನ ನೆಲವೇ ಕಾಣದಂತೆ ಇರುವೆಗಳ ಹಾಗೆ ಮುತ್ತಿದ್ದರಂತೆ. ಏರಿ ಎರಡು ಮೂರು ಸಲ ಒಡೆದಾಗ, ಮನುಷ್ಯರನ್ನು ಬಲಿ ಕೊಡಿಸಿದರೆಂದೂ ಅವನು ಬರೆದಿದ್ದಾನೆ. ನಮ್ಮ ಪಠ್ಯಪುಸ್ತಕಗಳು ಕೆರೆಯನ್ನು ಹೇಳಿ ಈ ಮಾತನ್ನು ಬಿಟ್ಟುಬಿಡುತ್ತವೆ.

ಅರಮನೆಯ ಕೊಳಕ್ಕಾದರೂ ಗೋಡೆ ಕಣ್ಣಿಗೆ ಕಾಣುತ್ತಿತ್ತು. ಊರ ಕೆರೆಯ ಗೋಡೆ ಕಣ್ಣಿಗೆ ಕಾಣದ್ದು. ಅದನ್ನು ಕೆಡವುವುದು ಹೆಚ್ಚು ಕಷ್ಟವಾಯಿತು. 1923ರಲ್ಲಿ ಎಸ್. ಕೆ. ಬೋಲೆಯವರು ಮುಂಬಯಿ ಶಾಸನಸಭೆಯಲ್ಲಿ ಒಂದು ನಿರ್ಣಯ ಮಂಡಿಸಿದರು: ಸಾರ್ವಜನಿಕ ಹಣದಿಂದ ನಡೆಯುವ ಕೆರೆ, ಬಾವಿ, ಛತ್ರಗಳು ಅಸ್ಪೃಶ್ಯರೆನಿಸಿದವರಿಗೂ ತೆರೆದಿರಬೇಕು ಎಂದು. ಸಭೆ ಒಪ್ಪಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಆಗ ಅದೇ ಪ್ರಾಂತಕ್ಕೆ ಸೇರಿದ್ದವು; ನಿರ್ಣಯ ನಮ್ಮ ಕೆರೆಗಳಿಗೂ ಅನ್ವಯಿಸುವಂಥದು. ಆದರೆ ಕಾಗದ ಕಾಗದವಾಗಿಯೇ ಉಳಿಯಿತು. ಕೊಂಕಣದ ಮಹಾಡ ಎಂಬ ಊರಿನ ಪುರಸಭೆ 1924ರಲ್ಲಿ ತನ್ನ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದಿದೆಯೆಂದು ಸಾರಿತು. ಕೆರೆಗೆ ಇಳಿಯುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ತಮ್ಮ ಜನರೊಡನೆ ಮೆರವಣಿಗೆಯಲ್ಲಿ ಹೋಗಿ ಬೊಗಸೆಯಲ್ಲಿ ನೀರೆತ್ತಿ ಕುಡಿದರು. ಆ ದಿನವೇ ಅವರ ಜನರ ಮೇಲೆ ಹಲ್ಲೆ ನಡೆಯಿತು. ಬಳಿಕ ಸವರ್ಣೀಯರು ಪಂಚಗವ್ಯ ಸುರಿದು ಕೆರೆಯನ್ನು ‘ಶುದ್ಧಿ’ ಮಾಡಿಕೊಂಡರು. ವ್ಯಾಜ್ಯ ಹೈಕೋರ್ಟಿನವರೆಗೆ ಹೋಗಿ, 1937ರಲ್ಲಿ ತೀರ್ಪು ಅಂಬೇಡ್ಕರರ ಕಡೆಗಾಯಿತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಜಾತಿ, ಧರ್ಮ, ಲಿಂಗ ಮುಂತಾದ ಕಾರಣಗಳಿಂದ ಯಾರನ್ನೂ ತಡೆಯಬಾರದ ಸ್ಥಳಗಳ ಎರಡು ಪಟ್ಟಿ ಅಲ್ಲಿದೆ. ಬಾವಿ, ಕೆರೆ, ಸ್ನಾನಘಟ್ಟಗಳು ಬರುವ ಪಟ್ಟಿಗೆ ಒಂದು ಷರತ್ತುಂಟು: ಅವು ಸರಕಾರದ ಹಣದಿಂದ ನಡೆಯುವಂಥವೋ ಸಾರ್ವಜನಿಕರಿಗೆ ಬಿಟ್ಟುಕೊಟ್ಟವೋ ಆಗಿರಬೇಕು. ಅಂಗಡಿ, ಹೋಟೆಲು, ಸಾರ್ವಜನಿಕ ಮನೋರಂಜನೆಯ ಸ್ಥಳಗಳು ಬರುವ ಪಟ್ಟಿಗೆ ಆ ಷರತ್ತಿಲ್ಲ. ಮಾಲೀಕ ಖಾಸಗಿಯವನಾದರೂ ಬಾಗಿಲಲ್ಲಿ ಜಾತಿ ಕೇಳುವಂತಿಲ್ಲ. 1950ರ ಜನವರಿ 26ರಂದು ಇದು ಜಾರಿಗೆ ಬಂದಾಗ ವಾಟರ್ ಪಾರ್ಕೆಂಬ ಶಬ್ದವೇ ನಮ್ಮಲ್ಲಿರಲಿಲ್ಲ. ಆದರೂ ನಮ್ಮಾಕೆ ಕುಳಿತಿದ್ದ ಕೊಳದ ಬಾಗಿಲಿಗೆ ಆ ಮಾತು ಅಂದೇ ಬರೆದಿಟ್ಟ ಹಾಗಿದೆ.

ಟಿಕೆಟಿನ ವಿಷಯದಲ್ಲಿ ಸಂವಿಧಾನ ಏನೂ ಹೇಳುವುದಿಲ್ಲ. ನಾವು ಆರು ಮಂದಿಗೆ ತೆತ್ತ ಹಣ, ಹೊರಗೆ ರಸ್ತೆಯಲ್ಲಿ ಎಳನೀರು ಮಾರುತ್ತಿದ್ದವನ ಎಷ್ಟು ದಿನದ ಸಂಪಾದನೆಯೋ ನಾನು ಲೆಕ್ಕ ಹಾಕಲು ಹೋಗಲಿಲ್ಲ. ಗೋಡೆ ಇದ್ದೇ ಇದೆ. ಈಗ ಅದಕ್ಕೊಂದು ಬೆಲೆಯುಂಟು, ಬೆಲೆಯನ್ನು ಕೂಡಿಡಬಹುದು. ಜಾತಿಯನ್ನು ಕೂಡಿಡುವುದು, ಕಳೆಯುವುದು ಯಾರ ಕೈಯಲ್ಲೂ ಇರಲಿಲ್ಲ. ಇಷ್ಟು ವ್ಯತ್ಯಾಸವನ್ನು ನಾನು ಸಣ್ಣದೆನ್ನಲಾರೆ, ಸಾಕೆಂದೂ ಅನ್ನಲಾರೆ.

ದಡದಲ್ಲಿ ಸೀಟಿ ಹಿಡಿದು ನಿಂತಿದ್ದ ಹುಡುಗ ಪಕ್ಕದ ಹಳ್ಳಿಯವನು. “ನಿಮ್ಮ ಮನೆಯವರು ಯಾರಾದರೂ ಬಂದಿದ್ದಾರೇನಪ್ಪ?” ಎಂದು ಕೇಳಿದೆ. “ತಂಗಿ ಬಂದಿದ್ಲು ಸಾರ್, ಸ್ಕೂಲಿನವರು ಕರ್ಕೊಂಡ್ ಬಂದಿದ್ರು. ಸ್ಕೂಲ್ ಮಕ್ಕಳಿಗೆ ಕಮ್ಮಿ ರೇಟು” ಎಂದ. ಅಂದು ಮಧ್ಯಾಹ್ನ ಅಂಥದೇ ಒಂದು ರಜಾಶಿಬಿರದ ಬಸ್ಸು ಬಂದಿತು. ಐವತ್ತು ಅರವತ್ತು ಮಕ್ಕಳು ಒಂದೇ ಬಣ್ಣದ ಟೋಪಿ ಹಾಕಿಕೊಂಡು ಒಂದೇ ಕೊಳಕ್ಕೆ ಧುಮುಕಿದವು. ಮೇಷ್ಟ್ರೊಬ್ಬರು ಪ್ಯಾಂಟು ಮಡಿಚಿ ಮೊಣಕಾಲುದ್ದ ನೀರಿನಲ್ಲಿ ನಿಂತು ತಲೆ ಎಣಿಸುತ್ತಿದ್ದರು. ಒಂದು ಸಲ ಎರಡು ಹೆಚ್ಚಾಗುತ್ತಿತ್ತು, ಇನ್ನೊಂದು ಸಲ ಮೂರು ಕಡಿಮೆ. ಹೆಚ್ಚಾದ ಎರಡು, ನಮ್ಮ ಮೊಮ್ಮಕ್ಕಳು.